ಬಲಮೂಲೆಯ ಹೂವು

ದೊಡ್ಡಪ್ಪ (ಫಾರ್ವರ್ಡ್): ಫ್ರಾನ್ಸಿನ ಹೂವಿನ ಚಿತ್ರಕಾರ ಫಾಂತೆಂ-ಲಾತೂರ್, ಜಗಳ ಆಡಿದ ಗೆಳೆಯನನ್ನು ಗುಂಪಿನ ಚಿತ್ರದಿಂದ ಹೊರಗೆ ಹಾಕಿ ಅವನ ಜಾಗದಲ್ಲಿ ಹೂವು ಬರೆದ! ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಗೃಹಪ್ರವೇಶದ ಫೋಟೋಗೆ ಬಾರದವರು ಎರಡು ಸಲ ಓದಿ.

ಚಿಕ್ಕಪ್ಪ: ಅಣ್ಣಾ, ಇದು ನನಗೇ ತಾನೆ ಹೇಳಿದ್ದು?

ತಮ್ಮ: ದೊಡ್ಡಪ್ಪಾ, ಇದಕ್ಕೆ ಆಧಾರ ಏನು? ಹೋದ ತಿಂಗಳ ಬೇವಿನ ಕಷಾಯದ ಮೆಸೇಜಿಗೂ ಇರಲಿಲ್ಲ.

ಅತ್ತೆ: ದೊಡ್ಡವರನ್ನು ಹಾಗೆ ಕೇಳಬಾರದು ಪುಟ್ಟಾ. ಒಳ್ಳೆಯದನ್ನು ತಗೊಳ್ಳಬೇಕು.

ನಾನು: ಕೇಳಲಿ ಬಿಡಿ ಅತ್ತೆ, ಅರ್ಧ ತಪ್ಪೇ ಇದೆ. ಚಿತ್ರ 1872ರದ್ದು, ಪ್ಯಾರಿಸ್‌ನ ಒರ್ಸೇ ಮ್ಯೂಸಿಯಂನಲ್ಲಿದೆ. ಮೇಜಿನ ಒಂದು ಕೊನೆಯಲ್ಲಿ ಎಂಟು ಜನ. ಎಡತುದಿಯಲ್ಲಿ ಕವಿ ವೆರ್ಲೇನ್. ಪಕ್ಕದಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತ ಹುಡುಗ ರಾಂಬೋ. ಇವರಿಬ್ಬರ ಜೊತೆ ನಾನು ಕೂರಲ್ಲ ಅಂದವನು ಅಲ್ಬೇರ್ ಮೆರಾ ಅನ್ನೋ ಕವಿ. ಯಾರೂ ಹೊರಗೆ ಹಾಕಲಿಲ್ಲ, ಅವನೇ ಬರಲಿಲ್ಲ. ಬಲಮೂಲೆಯ ಹೂವು ಅವನ ಬದಲಿಗೆ ಬಂದದ್ದು ಎನ್ನುತ್ತಾರೆ.

ದೊಡ್ಡಪ್ಪ: ನೋಡಿದ್ರಾ! ಅವನೇ ಬರಲಿಲ್ಲ!

ಚಿಕ್ಕಪ್ಪ: ಅವನನ್ನು ಕರೆದಿದ್ದರು. ನನಗೆ ಕಾರ್ಡು ಡ್ರೈವರ್ ಕೈಲಿ ಬಂತು.

ದೊಡ್ಡಮ್ಮ: ಆಗ ಇವರಿಗೆ ಮಂಡಿನೋವು. ಫೋನ್ ಮಾಡಿದ್ದೆನಲ್ಲ, ನೀನು ಎತ್ತಲಿಲ್ಲ.

ಅಣ್ಣ (ದೊಡ್ಡಪ್ಪನ ಮಗ): ಆ ಹೂವು ನೋಡಿ ಅಜ್ಜಿಯ ಹಿತ್ತಲು ನೆನಪಾಯ್ತು. ಬಾವಿಕಟ್ಟೆ ಪಕ್ಕದ ಡೇರೆ ಗಿಡ. ಎರಡು ಹೂ ಕಿತ್ತು ಹಿತ್ತಾಳೆ ಚೊಂಬಿನಲ್ಲಿ ಇಡುತ್ತಿದ್ದರು. ಆ ಚೊಂಬು ಈಗ ಯಾರ ಹತ್ತಿರ ಇದೆ?

ಅತ್ತೆ: ಅದನ್ನು ಈಗ ಯಾಕೆ ಎತ್ತುತ್ತೀಯ?

ತಮ್ಮ: ಅಕ್ಕಾ, ಹೂವಿನ ಚಿತ್ರಕಾರ ಅನ್ನೋದಾದರೂ ನಿಜವಾ?

ನಾನು: ನಿಜ. ಆದರೆ ಅವರ ಹೂವುಗಳನ್ನು ಜಾಸ್ತಿ ಕೊಂಡವರು ಇಂಗ್ಲೆಂಡಿನವರು, ಸ್ವಂತ ದೇಶದಲ್ಲಿ ಅವನ್ನು ನೋಡಿದವರೇ ಕಡಿಮೆ. ಹೆಂಡತಿ ವಿಕ್ಟೋರಿಯಾ ದ್ಯುಬೂರ್ ಕೂಡ ಹೂವು ಬರೆಯುತ್ತಿದ್ದರು. ಫಾರ್ವರ್ಡಿನಲ್ಲಿ ಅವರ ಸುದ್ದಿಯೇ ಇಲ್ಲ, ನನಗೆ ಬೇಜಾರು ಅದು. ದೊಡ್ಡಪ್ಪಾ, ಚಿತ್ರ ದೊಡ್ಡದು ಮಾಡಿ ನೋಡಿ. ಒಬ್ಬರನ್ನು ಬಿಟ್ಟು ಎಲ್ಲರೂ ಕಪ್ಪು ಬಟ್ಟೆಯವರು. ಆ ಹೂವನ್ನು ಯಾರನ್ನೋ ಅಣಕಿಸೋಕೆ ಬರೆದ ಹಾಗೆ ಕಾಣಲ್ಲ. ಅಷ್ಟು ಪ್ರೀತಿಯಿಂದ ಬರೆದಿದ್ದಾರೆ.

ಚಿಕ್ಕಪ್ಪ: ಅತ್ತಿಗೆ, ನಿಮ್ಮ ಫೋಟೋದಲ್ಲಿ ನನ್ನ ಜಾಗದಲ್ಲಿ ಏನಿದೆ?

ದೊಡ್ಡಮ್ಮ: ಖಾಲಿ ಕುರ್ಚಿ. ತಡವಾಗಿಯಾದರೂ ಬರ್ತಾನೆ ಅಂತ ನಿಮ್ಮಣ್ಣ ತೆಗೆಯೋಕೆ ಬಿಡಲಿಲ್ಲ.

ಅತ್ತೆ: ಚೊಂಬು ನನ್ನ ಹತ್ತಿರ ಇದೆ. ಅಮ್ಮನೇ ಕೊಟ್ಟದ್ದು.