ಸ್ಪಾರ್ಟಾದಲ್ಲಿ ಇಬ್ರು ರಾಜರಿದ್ರಂತೆ, ಹಂಗಾದ್ರೆ ಮಾತು ನಡೀತಿದ್ದಿದ್ದು ಯಾರದ್ದು?

ಹಳೇಬೆಂಚು:
ಪಿಯುಸಿ ಹಿಸ್ಟರಿಲಿ ಹಳೇ ಗ್ರೀಸಿನ ನಗರರಾಜ್ಯ ಸ್ಪಾರ್ಟಾ ಅಂದ್ರೆ ಬರೀ ಯುದ್ಧ ಅಂತ ಓದಿ ಮುಗ್ಸಿದ್ದೆ, ಈಗ ಸುಮ್ನೆ ಓದ್ತಾ ಕೂತ್ರೆ ಒಂದೇ ಕಾಲಕ್ಕೆ ಇಬ್ರು ರಾಜರು, ಬೇರೆ ಬೇರೆ ಮನೆತನ, ಅದರ ಜೊತೆ ಹಿರಿಯರ ಸಭೆ, ಎಫೋರ್ ಅಂತ ಇನ್ನೊಂದು ಐದು ಜನ. ಇವರಲ್ಲಿ ದೊಡ್ಡೋರ್ಯಾರು? ಗಂಡಸರೆಲ್ಲ ದಂಡಲ್ಲಿದ್ರೆ ಹೊಲ ಉಳ್ತಿದ್ದೋರ್ಯಾರು ಮಾರಾಯ್ರೆ?

ಕಾಫಿಪುಡಿ:
ದಿನದ ಆಡಳಿತ ಎಫೋರರದ್ದೇ. ಅಧಿಕಾರ ಒಂದೇ ವರ್ಷ, ಆದ್ರೆ ರಾಜನ್ನೂ ವಿಚಾರಣೆಗೆ ಎಳೀಬಹುದಿತ್ತು, ರಾಜ ಬಂದಾಗ ಎಲ್ರೂ ಎದ್ದು ನಿಂತ್ರೆ ಇವ್ರು ಮಾತ್ರ ಕುರ್ಚಿ ಬಿಟ್ಟು ಅಲ್ಲಾಡ್ತಿರಲಿಲ್ಲ. ಹಿರಿಯರ ಸಭೇಲಿ 60 ದಾಟಿದ 28 ಜನ ಪ್ಲಸ್ ಇಬ್ರು ರಾಜರು, ಒಂದ್ಸಲ ಗೆದ್ರೆ ಸಾಯೋವರೆಗೂ ಸೀಟು. ಎಲೆಕ್ಷನ್ ಕೇಳಿ ಮಜಾ ಇದೆ: ಅಭ್ಯರ್ಥಿಗಳು ಒಬ್ಬೊಬ್ರಾಗಿ ತುಟಿ ಬಿಚ್ಚದೆ ಜನರ ಮುಂದೆ ನಡ್ಕೊಂಡು ಹೋಗ್ಬೇಕು, ಜನ ಕೂಗ್ಬೇಕು, ಪಕ್ಕದ ಕೋಣೇಲಿ ಬಾಗಿಲು ಹಾಕ್ಕೊಂಡು ಕೂತ ತೀರ್ಪುಗಾರರು ಯಾರು ಹೋಗ್ತಿದಾರೆ ಅಂತ ನೋಡದೇನೇ ಎಷ್ಟನೇ ಕೂಗು ಜೋರು ಅಂತ ಬರ್ಕೋಬೇಕು. ಅರಿಸ್ಟಾಟಲ್ ಇದನ್ನ ಹುಡುಗಾಟ ಅಂದಿದ್ದ.

ಜೋಳದರೊಟ್ಟಿ:
ಹೊಲಾ ಮಾಡಾವ್ರು ಹೆಲಾಟ್ ಮಂದಿರೀ. ಪಕ್ಕದ ಮೆಸ್ಸೇನಿಯಾ ಗೆದ್ದು ಅಲ್ಲಿ ಮಂದೀನ ಅವರದ ಹೊಲದಾಗ ಜೀತಕ್ಕ ಹಚ್ಚಿದ್ರು. ಕ್ರಿ.ಪೂ. 479ರಾಗ ಪ್ಲಾಟಿಯಾ ಯುದ್ಧಕ್ಕ 5,000 ಸ್ಪಾರ್ಟನ್ನರು ಹೋದಾಗ ಒಬ್ಬೊಬ್ಬನ ಸಂಗಾಟ 7 ಹೆಲಾಟ್ ಇದ್ರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರದಾನ, ಊರಾಗ ಇನ್ನೆಷ್ಟಿದ್ರೋ ಲೆಕ್ಕಾ ಹಾಕ್ರಿ. ಅದಕ್ಕ ಎಫೋರರು ವರ್ಷಾ ವರ್ಷಾ ಈ ಮಂದಿ ಮ್ಯಾಲೇ ಯುದ್ಧ ಸಾರತಿದ್ರಂತ, ಕೊಂದ್ರೂ ಪಾಪ ತಟ್ಟಬಾರದಂತ! 7 ವರ್ಷದ ಹುಡುಗರನ್ನ ತಾಯಿ ಮಡಿಲಿಂದ ಬಿಡಿಸಿ ತಾಲೀಮಿಗೆ ಹಾಕಿದ್ದು ಹೊರಗಿನ ವೈರಿಗಿಂತ ಮನಿಯೊಳಗಿನ ಹೆದರಿಕಿಗೇ ಅಂತೀನಿ ನಾ.

ಹಳೇಬೆಂಚು:
ಅಷ್ಟು ತಯಾರಿ ಇದ್ದೂ ಮುಳುಗಿದ್ದು ಹೆಂಗೆ ಹಾಗಾದ್ರೆ?

ಕಾಫಿಪುಡಿ:
ಊಟದ ಲೆಕ್ಕದಲ್ಲಿ ಅಂದ್ರೆ ನಗಬೇಡಿ. ಗಂಡಸರೆಲ್ಲ ಮೆಸ್ಸಲ್ಲೇ ಉಣ್ಬೇಕು, ತಿಂಗಳಾ ತಿಂಗಳಾ ಬಾರ್ಲಿ, ವೈನು, ಗಿಣ್ಣು, ಅಂಜೂರ ತಂದು ಹಾಕ್ಬೇಕು, ಹಾಕೋಕಾಗ್ಲಿಲ್ವಾ, ನಾಗರಿಕನ ಹಕ್ಕೇ ಹೋಯ್ತು. ಜಮೀನು ಕೆಲವೇ ಮನೆಗಳಿಗೆ ಸೇರ್ತಾ ಹೋದಂಗೆ ಮೆಸ್ಸಿಂದ ಉದುರೋರು ಜಾಸ್ತಿ ಆದ್ರು. ಕ್ರಿ.ಪೂ. 480ರಲ್ಲಿ ಸುಮಾರು 8,000 ಇದ್ದ ಗಂಡಸರು, 371ರಲ್ಲಿ ಇನ್ನೊಂದು ಗ್ರೀಕ್ ನಗರ ಥೀಬ್ಸ್ ವಿರುದ್ಧ ಲ್ಯೂಕ್ಟ್ರಾ ಯುದ್ಧಕ್ಕೆ ಹೋದ ಪೂರ್ಣ ನಾಗರಿಕರು ಬರೀ 700, ಅದ್ರಲ್ಲಿ 400 ಜನ ಅಲ್ಲೇ ಸತ್ರು. ಆಮೇಲೆ ಥೀಬ್ಸಿನವರು ಬಂದು ಮೆಸ್ಸೇನಿಯಾನೇ ಬಿಡಿಸಿಬಿಟ್ರು, ಉಳೋರೂ ಹೋದ್ರು.

ಹಳೇಬೆಂಚು:
ಮೆಸ್ ಬಿಲ್ ಕಟ್ಟದೆ ರಾಜ್ಯ ಹೋಯ್ತು ಅನ್ನಿ. ನಮ್ ಹಾಸ್ಟೆಲ್ ವಾರ್ಡನ್ನಿಗೆ ಇದನ್ನ ಹೇಳ್ಬೇಕಿತ್ತು 😀