ನಿಕಾನ್ ಝಡ್9 ಕ್ಯಾಮೆರಾದ ಮುಂದಿನ ಮಾದರಿ ನಮ್ಮಲ್ಲಿ ಎಷ್ಟಕ್ಕೆ ಬರಬಹುದು?

ಪ್ರಶ್ನೆ (ಗಂಗಾವತಿ):
ಸರ್, ನಾನು ಮದುವೆ, ಸೀಮಂತ, ಜಾತ್ರೆ ಎಲ್ಲ ಶೂಟ್ ಮಾಡುತ್ತೇನೆ. ಈಗಲೂ ನಿಕಾನ್‌ನ ಹಳೆಯ ಡಿ750 ಬಾಡಿಯೇ (ಲೆನ್ಸ್ ಬಿಟ್ಟು ಕ್ಯಾಮೆರಾ). ಝಡ್8 ತಗೊಳ್ಳಲು ದುಡ್ಡು ಹೊಂದಿಸಿದ್ದೆ. ಅಷ್ಟರಲ್ಲಿ ಝಡ್9ರ ಎರಡನೇ ಮಾದರಿ ಬರುತ್ತದೆ ಅಂತ ಸುದ್ದಿ ಓಡಾಡುತ್ತಿದೆ. ಒಬ್ಬರು ಐದು ಲಕ್ಷ ಅಂತಾರೆ, ಇನ್ನೊಬ್ಬರು ಎಂಟು ಲಕ್ಷ ಅಂತಾರೆ. ನಿಮ್ಮ ಅಂದಾಜು ಎಷ್ಟು? ಅದಕ್ಕಾಗಿ ಕಾಯಬೇಕಾ?

ಉತ್ತರ (ಬಳ್ಳಾರಿ, ವೃತ್ತಿಪರ ಛಾಯಾಗ್ರಾಹಕ):
ಕಂಪನಿ ಇನ್ನೂ ಬೆಲೆ ಹೇಳಿಲ್ಲ. ಆದರೆ ಅಂದಾಜಿಗೂ ಒಂದು ಲೆಕ್ಕ ಬೇಕು ಅಲ್ವಾ? ಸುಮ್ನೆ ಐದು, ಎಂಟು ಅನ್ನುವ ಬದಲು ಹಳೆಯ ಬೆಲೆಗಳನ್ನು ಇಟ್ಟುಕೊಂಡು ನೋಡೋಣ.

ಅಮೆರಿಕದಲ್ಲಿ ಹೇಳುವ ಡಾಲರ್ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ನಮ್ಮ ಎಂಆರ್‌ಪಿಯಲ್ಲಿ 18% ಜಿಎಸ್‌ಟಿ ಸೇರಿರುತ್ತದೆ. 2019ರ ಜನವರಿಗೆ ಮುಂಚೆ ಕ್ಯಾಮೆರಾಗಳಿಗೆ 28% ಇತ್ತು, ಆಮೇಲೆ ಇಳಿಸಿದರು. ಹಾಗಾಗಿ ಡಾಲರ್ ಬೆಲೆಯನ್ನು ಆ ದಿನದ ರೂಪಾಯಿ ದರದಿಂದ ಗುಣಿಸಿ, ಅದರ ಮೇಲೆ 18% ಸೇರಿಸಿ. ಬರುವ ಅಂಕಿ ನಮ್ಮ ಅಂಗಡಿ ಬೆಲೆಗೆ ಬಹಳ ಹತ್ತಿರ ಇರುತ್ತದೆ.

2021ರಲ್ಲಿ ಸೋನಿ ಎ1 ಬಂದಾಗ ಅಮೆರಿಕದಲ್ಲಿ ಸುಮಾರು 6,500 ಡಾಲರ್. ಆಗ ಡಾಲರ್‌ಗೆ 73 ರೂಪಾಯಿ ಆಸುಪಾಸು. ಲೆಕ್ಕ ಹಾಕಿದರೆ 5.6 ಲಕ್ಷ ಬರುತ್ತದೆ. ಇಲ್ಲಿ ಬಂದ ಬೆಲೆ 5,59,990. ಅದೇ ವರ್ಷ ಅಕ್ಟೋಬರ್‌ನಲ್ಲಿ ಝಡ್9 ಘೋಷಣೆಯಾಯಿತು, 5,500 ಡಾಲರ್. 75ರ ದರದಲ್ಲಿ 4.87 ಲಕ್ಷ ಆಗಬೇಕಿತ್ತು, 4,75,995ಕ್ಕೆ ಬಂತು. 2024ರ ಝಡ್6 ತ್ರೀ ಅಂತೂ ಹೆಚ್ಚುಕಮ್ಮಿ ಅಳೆದಿಟ್ಟ ಹಾಗೆ: 2,500 ಡಾಲರ್, ಇಲ್ಲಿ 2,47,990.

ಈ ಲೆಕ್ಕ ಮೀರಿ ಅಗ್ಗವಾಗಿ ಬಂದದ್ದು ಝಡ್8. 2023ರಲ್ಲಿ 4,000 ಡಾಲರ್‌ಗೆ ಘೋಷಿಸಿದರು. ಲೆಕ್ಕದ ಪ್ರಕಾರ 3.87 ಲಕ್ಷ ದಾಟಬೇಕಿತ್ತು. 3,43,995ಕ್ಕೆ ಕೊಟ್ಟರು. ನಲವತ್ತು ಸಾವಿರಕ್ಕೂ ಜಾಸ್ತಿ ಕಡಿಮೆ. ಮದುವೆ ಶೂಟ್ ಮಾಡುವವರು ಹೆಚ್ಚಾಗಿ ಕೊಳ್ಳುವ ಬಾಡಿ ಅದು, ಹೆಚ್ಚು ಮಾರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಝಡ್9 ವರ್ಗದ ಕ್ಯಾಮೆರಾಗೆ ಆ ರಿಯಾಯಿತಿ ಸಿಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ಹೊಸದರ ಡಾಲರ್ ಬೆಲೆ. ಕ್ಯಾನನ್ ಆರ್1 2024ರಲ್ಲಿ 6,300 ಡಾಲರ್‌ಗೆ ಬಂತು. ಅದಕ್ಕಿಂತ ಮುಂಚಿನ 1ಡಿಎಕ್ಸ್ ಮಾರ್ಕ್ ತ್ರೀ 6,500 ಇತ್ತು. ಸೋನಿ ಎ1ರ ಎರಡನೇ ಮಾದರಿಯೂ ಮೊದಲಿನ ಬೆಲೆಗೇ ಬಂತು. ಅಂದರೆ ಈ ವರ್ಗದಲ್ಲಿ ಹೊಸ ಮಾದರಿ ಬಂದ ಕೂಡಲೇ ಬೆಲೆ ಹಾರುವುದಿಲ್ಲ. ನಿಕಾನ್‌ನಲ್ಲಿ ಇಳಿದದ್ದೂ ಉಂಟು. ಡಿ6 6,500 ಡಾಲರ್ ಇತ್ತು, ಝಡ್9 ಸಾವಿರ ಡಾಲರ್ ಕಡಿಮೆಗೆ ಬಂತು. ಆಗ ಮಿರರ್‌ಲೆಸ್‌ನಲ್ಲಿ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಅವರು ಸೋನಿ, ಕ್ಯಾನನ್‌ಗಿಂತ ಹಿಂದೆ ಇದ್ದರು. ಜನರನ್ನು ತಮ್ಮ ಕಡೆ ಎಳೆಯಬೇಕಿತ್ತು. ಈಗ ಆ ಒತ್ತಡ ಕಡಿಮೆ. ಹಾಗಾಗಿ 5,500ಕ್ಕಿಂತ ಮೇಲೆ, ಆರ್1ಗಿಂತ ಕೆಳಗೆ, 6,000 ಡಾಲರ್ ಹತ್ತಿರ ನಿಲ್ಲಬಹುದು ಅನ್ನುವುದು ನನ್ನ ಊಹೆ.

ಅದಕ್ಕೂ ಹೆಚ್ಚಾಗಿ ನಮ್ಮ ಜೇಬಿಗೆ ಹೊಡೆಯುವುದು ರೂಪಾಯಿ. ಝಡ್9 ಬಂದಾಗ ಡಾಲರ್‌ಗೆ 75 ಇತ್ತು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಕಂಪನಿ ಒಂದು ಡಾಲರ್ ಕೂಡ ಏರಿಸದೆ ಅದೇ 5,500ಕ್ಕೆ ಕೊಟ್ಟರೂ ಇಲ್ಲಿ 5.84 ಲಕ್ಷ ಆಗುತ್ತದೆ. 6,000 ಆದರೆ 6.37 ಲಕ್ಷ. ಹಾಗಾಗಿ ಐದು ಲಕ್ಷದ ಮಾತನ್ನು ನಾನು ನಂಬುವುದಿಲ್ಲ.

ಒಂದು ಸಮಾಧಾನ ಇದೆ. 2025ರಲ್ಲಿ ಅಮೆರಿಕ ಹೊರದೇಶದ ಸರಕಿನ ಮೇಲೆ ಸುಂಕ ಏರಿಸಿದ ಮೇಲೆ, ಜೂನ್‌ನಲ್ಲಿ ನಿಕಾನ್ ಅಲ್ಲಿನ ಬೆಲೆಗಳನ್ನು ಏರಿಸಿತು. ಆ ಸುಂಕ ಅವರ ಗ್ರಾಹಕರದ್ದು, ನಮ್ಮದಲ್ಲ. ಹೊಸ ಬಾಡಿಯ ಡಾಲರ್ ಬೆಲೆಯಲ್ಲಿ ಅದರ ಪಾಲು ಸೇರಿದ್ದರೆ, ನಾವು ಹಾಗೇ ಗುಣಿಸಿದಾಗ ಬರುವ ಅಂಕಿ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಇದನ್ನೆಲ್ಲ ಕಳೆದು ನನ್ನ ಅಂದಾಜು 6 ಲಕ್ಷದ ಆಚೀಚೆ. 6.4 ದಾಟುವುದು ಕಷ್ಟ. ಎಂಟಕ್ಕೆ ಯಾವ ದಾರಿಯಿಂದ ಹೋದರೂ ಲೆಕ್ಕ ಕೂಡುವುದಿಲ್ಲ.

ಈಗ ನಿಮ್ಮ ವಿಷಯ. ನೀವು ಕಾಯಬೇಡಿ. ಝಡ್8ರಲ್ಲಿ ಇರುವುದು ಝಡ್9ರ ಅದೇ 45.7 ಮೆಗಾಪಿಕ್ಸೆಲ್ ಸೆನ್ಸರ್, ಅದೇ ಪ್ರೊಸೆಸರ್. ಡಿ750ಯಿಂದ ಬರುವವರಿಗೆ ಮುಖ, ಕಣ್ಣು ಹಿಡಿಯುವ ಫೋಕಸ್ ಒಂದೇ ಸಾಕು, ಕೆಲಸ ಬೇರೆಯೇ ಆಗುತ್ತದೆ. ಕೊಪ್ಪಳದ ಗವಿಮಠದ ತೇರು ಸಂಜೆ ಬೆಳಕಿನಲ್ಲಿ ಎಳೆಯುವಾಗ, ಆ ಜನಸಾಗರದ ನಡುವೆ ಒಂದು ಮುಖದ ಮೇಲೆ ಫೋಕಸ್ ನಿಲ್ಲಿಸುವ ಕಷ್ಟ ನಿಮಗೆ ಗೊತ್ತೇ ಇರುತ್ತದೆ.

ನಿಮ್ಮ ಲೆನ್ಸ್‌ಗಳನ್ನು ಮಾತ್ರ ಒಮ್ಮೆ ತೆಗೆದು ನೋಡಿ. ಎಎಫ್-ಎಸ್ ಅಂತ ಬರೆದಿದ್ದರೆ ಎಫ್‌ಟಿಝಡ್ ಅಡಾಪ್ಟರ್ (ಹಳೆಯ ಲೆನ್ಸನ್ನು ಝಡ್ ಕ್ಯಾಮೆರಾಗೆ ಜೋಡಿಸುವ ಕೊಂಡಿ) ಮೇಲೆ ಆಟೋಫೋಕಸ್ ಆಗುತ್ತದೆ. 50 ಎಂಎಂ 1.8ಡಿ ಥರದ ಹಳೆಯ ಡಿ ಲೆನ್ಸ್ ಆದರೆ ಆಗುವುದಿಲ್ಲ. ಡಿ750 ಬಾಡಿಯೊಳಗೆ ಅವನ್ನು ತಿರುಗಿಸುವ ಮೋಟರ್ ಇದೆ, ಅಡಾಪ್ಟರ್‌ನಲ್ಲಿ ಇಲ್ಲ. ನಮ್ಮ ಕಡೆ ಬಹಳ ಜನರ ಬ್ಯಾಗಿನಲ್ಲಿ ಇಂಥ ಲೆನ್ಸ್ ಇರುತ್ತವೆ. ಅದರ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕಂತಿನಲ್ಲಿ ತಗೊಳ್ಳುವುದಾದರೆ ಆಷಾಢವನ್ನೂ ನೆನಪಿಡಿ. ಆ ತಿಂಗಳು ಲಗ್ನ ಇರುವುದಿಲ್ಲ, ಕಂತು ಇರುತ್ತದೆ.

ಪ್ರಶ್ನೆ (ಕನಕಗಿರಿ):
ನಾನು ಬಂಕಾಪುರ ತೋಳಧಾಮದ ಸುತ್ತಮುತ್ತ ಫೋಟೋ ತೆಗೆಯುತ್ತೇನೆ. ತೋಳ ಬಹಳ ಅಂಜುತ್ತದೆ, ಶಟರ್ ಸದ್ದಿಗೇ ತಿರುಗಿ ಓಡುತ್ತದೆ. ನಾನಾದರೂ ಹೊಸದಕ್ಕೆ ಕಾಯಬಹುದಾ?

ಉತ್ತರ:
ಸದ್ದಿನ ಸಲುವಾಗಿ ಕಾಯುವ ಅಗತ್ಯ ಇಲ್ಲ. ಝಡ್8, ಝಡ್9 ಎರಡರಲ್ಲೂ ಮೆಕ್ಯಾನಿಕಲ್ ಶಟರ್ ಅನ್ನೋದೇ ಇಲ್ಲ. ಕೇಳಿಸುವುದು ಸ್ಪೀಕರ್‌ನ ಸದ್ದು, ಮೆನುವಿನಲ್ಲಿ ಬಂದ್ ಮಾಡಿದರೆ ಪೂರ್ತಿ ಮೌನ. ತೋಳ ಸಿಗುವುದು ಬಯಲಿನಲ್ಲಿ, ದೂರದಲ್ಲಿ. ಕ್ಯಾಮೆರಾಗೆ ಆರು ಲಕ್ಷ ಹಾಕಿ ಚಿಕ್ಕ ಲೆನ್ಸ್ ಹಿಡಿದು ನಿಂತರೆ ಏನೂ ಸಿಗುವುದಿಲ್ಲ. ಝಡ್8, ಜೊತೆಗೆ 180-600 ಎಂಎಂ ಲೆನ್ಸ್ ತಗೊಳ್ಳಿ. ಮರಿ ಇರುವ ಗುಹೆಯ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ, ಎಷ್ಟು ಒಳ್ಳೆಯ ಫೋಟೋ ಸಿಗುವ ಹಾಗಿದ್ದರೂ.

ಪ್ರಶ್ನೆ (ರಾಯಚೂರು):
ನಮ್ಮ ಬಿಸಿಲಲ್ಲಿ ತಾಸುಗಟ್ಟಲೆ ವಿಡಿಯೋ ಮಾಡಬೇಕು. ದೊಡ್ಡ ಬಾಡಿಯ ಕ್ಯಾಮೆರಾಗೆ ಕಾಯೋದು ಸರಿನಾ?

ಉತ್ತರ:
ನಿಮ್ಮ ಕಾರಣ ಸರಿ ಇದೆ. ಝಡ್9 ವರ್ಗದ ಬಾಡಿ ದೊಡ್ಡದು, ಬಿಸಿ ಹರಡಿಕೊಳ್ಳಲು ಜಾಗ ಇದೆ, ಬ್ಯಾಟರಿಯೂ ದೊಡ್ಡದು. ಹೊಸದು ಬಂದ ಮೇಲೆ ಹಳೆಯ ಝಡ್9 ಸೆಕೆಂಡ್‌ಹ್ಯಾಂಡ್‌ನಲ್ಲಿ ಇಳಿಯುತ್ತದೆ. ಅದನ್ನು ಹಿಡಿಯಲು ಕಾಯಿರಿ.

ಪ್ರಶ್ನೆ (ಸಿಂಧನೂರು):
ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಅವನ ಕೈಲಿ ತರಿಸಿದರೆ ಲಕ್ಷ ರೂಪಾಯಿ ಉಳಿಯುತ್ತದೆ ಅಂತಾರೆ, ಹೌದಾ?

ಉತ್ತರ:
ಕಾಗದದ ಮೇಲೆ ಉಳಿಯುತ್ತದೆ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಮಾರಾಟ ತೆರಿಗೆ ಬೀಳುತ್ತದೆ. ಇಲ್ಲಿ ವಿಮಾನ ನಿಲ್ದಾಣದಲ್ಲಿ ವಿನಾಯಿತಿ ಮಿತಿ ದಾಟಿದ ಮೊತ್ತಕ್ಕೆ ಸುಂಕ ಕಟ್ಟಬೇಕು. ಕೆಟ್ಟರೆ ಇಲ್ಲಿನ ವಾರಂಟಿ ಸಿಗುವುದಿಲ್ಲ.

ನೀವು ಜಿಎಸ್‌ಟಿಯಲ್ಲಿ ನೋಂದಣಿ ಆಗಿದ್ದೀರಾ? ಆಗಿದ್ದರೆ ಇಲ್ಲೇ ಬಿಲ್ ಸಹಿತ ತಗೊಳ್ಳಿ. 6 ಲಕ್ಷದ ಬಾಡಿಯಲ್ಲಿ ಸುಮಾರು 91,500 ರೂಪಾಯಿ ತೆರಿಗೆಯೇ ಇರುತ್ತದೆ. ನಿಮ್ಮ ಕೆಲಸದ ಬಿಲ್‌ಗಳ ಮೇಲೆ ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಕಾಂಪೋಸಿಷನ್ ಸ್ಕೀಮಿನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ) ಮಾತ್ರ ಈ ಲಾಭ ಇಲ್ಲ. ಅಂಗಡಿಯಲ್ಲಿ ಬಿಲ್ ಮಾಡುವ ಮುಂಚೆಯೇ ನಿಮ್ಮ ಜಿಎಸ್‌ಟಿ ನಂಬರ್ ಕೊಡಿ, ಮುಂದಿನ ತಿಂಗಳು ಅದು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಖರೀದಿ ತೆರಿಗೆ ತೋರಿಸುವ 2ಬಿ ಪಟ್ಟಿಯಲ್ಲಿ ಬಂದಿದೆಯಾ ಅಂತ ನೋಡಿಕೊಳ್ಳಿ.