ಉಬುಂಟು 24.04: ಎನ್ವಿಡಿಯಾ ಡ್ರೈವರ್ ಹಾಕಿಯೂ ಕಾರ್ಡ್ ಎದ್ದಿಲ್ಲ

ಹೊಸ_ಪೆಂಗ್ವಿನ್:
ಲಿನಕ್ಸಿಗೆ ಹೊಸಬ. ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಐ5 ಜೊತೆ ಜಿಟಿಎಕ್ಸ್ 1650 (4 ಜಿಬಿ) ಇದೆ. ವಿಂಡೋಸ್ 11 ಪಕ್ಕದಲ್ಲೇ ಉಬುಂಟು 24.04 ಹಾಕಿದ್ದೇನೆ. ‘ಅಡಿಷನಲ್ ಡ್ರೈವರ್ಸ್’ನಲ್ಲಿ ಎನ್ವಿಡಿಯಾ 580 ಆರಿಸಿದಾಗ ಒಂದು ಪಾಸ್‌ವರ್ಡ್ ಇಡಲು ಹೇಳಿತು, ಇಟ್ಟೆ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬಂತು. ಏನೆಂದು ಗೊತ್ತಾಗದೆ ‘ಕಂಟಿನ್ಯೂ ಬೂಟ್’ ಒತ್ತಿದೆ.

ಈಗ ಟರ್ಮಿನಲ್‌ನಲ್ಲಿ ಎನ್ವಿಡಿಯಾ-ಎಸ್ಎಂಐ (ಕಾರ್ಡಿನ ಸ್ಥಿತಿ ತೋರಿಸುವ ಆಜ್ಞೆ) ಎಂದು ಹೊಡೆದರೆ ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಅನ್ನುತ್ತದೆ. ಎಚ್‌ಡಿಎಂಐಗೆ ಹಾಕಿದ ಮಾನಿಟರ್ ‘ನೋ ಸಿಗ್ನಲ್’. ಬ್ಲೆಂಡರ್‌ನಲ್ಲಿ ಕುಡಾ (ಎನ್ವಿಡಿಯಾ ಕಾರ್ಡಿನಿಂದ ಲೆಕ್ಕ ಮಾಡಿಸುವ ವ್ಯವಸ್ಥೆ) ಕಾಣುತ್ತಿಲ್ಲ. ಎನ್ವಿಡಿಯಾ ಸೈಟಿನಿಂದ .ರನ್ ಫೈಲ್ ಇಳಿಸಿಕೊಂಡು ಹಾಕಿಬಿಡಲೇ?

ಕರ್ನಲ್_ಕಟ್ಟೆ:
ಬೇಡ. .ರನ್ ಫೈಲ್ ಹಾಕಿದರೆ ಎಪಿಟಿಗೆ (ಉಬುಂಟುವಿನ ಪ್ಯಾಕೇಜ್ ನಿರ್ವಾಹಕ) ಅದರ ಸುದ್ದಿಯೇ ಇರುವುದಿಲ್ಲ. ಈಗಾಗಲೇ ಇರುವ 580ರ ಫೈಲುಗಳ ಮೇಲೆ ಅದು ತನ್ನವನ್ನು ಬರೆಯುತ್ತದೆ, ಮುಂದಿನ ಅಪ್‌ಡೇಟಿನಲ್ಲಿ ಎರಡೂ ಕಿತ್ತಾಡುತ್ತವೆ. ನಿಮ್ಮಲ್ಲಿ ಡ್ರೈವರ್ ಇದೆ. ಅದನ್ನು ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ಬಿಟ್ಟುಕೊಳ್ಳುತ್ತಿಲ್ಲ, ಅಷ್ಟೇ.

ಕಾರಣ ಆ ನೀಲಿ ಪರದೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇದ್ದದ್ದನ್ನಷ್ಟೇ ಓಡಲು ಬಿಡುವ ಭದ್ರತೆ) ಆನ್ ಇದ್ದಾಗ ಸಹಿ ಇಲ್ಲದ ಕರ್ನಲ್ ಮಾಡ್ಯೂಲ್ (ಕರ್ನಲ್ ಒಳಗೆ ಸೇರುವ ಡ್ರೈವರ್ ತುಂಡು) ಲೋಡ್ ಆಗುವುದಿಲ್ಲ. ಡಿಕೆಎಂಎಸ್ ಎಂಬ ಸಾಧನ ನಿಮ್ಮ ಯಂತ್ರದಲ್ಲೇ ಎನ್ವಿಡಿಯಾ ಮಾಡ್ಯೂಲ್ ಕಟ್ಟಿ, ನಿಮ್ಮದೇ ಒಂದು ಕೀಲಿಯಿಂದ ಸಹಿ ಹಾಕುತ್ತದೆ. ಆ ಕೀಲಿಗೆ ಎಂಒಕೆ ಅನ್ನುತ್ತಾರೆ. ‘ಇದು ನನ್ನ ಕೀಲಿಯೇ, ನಂಬು’ ಎಂದು ಒಪ್ಪಿಗೆ ಕೊಡುವ ಜಾಗವೇ ಆ ಪರದೆ. ನೀವು ಕಂಟಿನ್ಯೂ ಒತ್ತಿದ್ದರಿಂದ ಆ ಕೋರಿಕೆ ಅಲ್ಲಿಗೇ ರದ್ದಾಯಿತು. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ತಾನಾಗಿ ಮತ್ತೆ ಬರುವುದಿಲ್ಲ.

ಮೊದಲು ಖಚಿತ ಮಾಡಿಕೊಳ್ಳಿ. (ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ.)

ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್
ಸುಡೊ ಮಾಡ್‌ಪ್ರೋಬ್ ಎನ್ವಿಡಿಯಾ
ಎಲ್‌ಎಸ್‌ಪಿಸಿಐ -ಕೆ

ಮೊದಲನೆಯದು ಸೆಕ್ಯೂರ್ ಬೂಟ್ ‘ಎನೇಬಲ್ಡ್’ ಅನ್ನಬೇಕು. ಎರಡನೆಯದಕ್ಕೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬಂದರೆ ರೋಗ ಇದೇ. ಮೂರನೆಯದರಲ್ಲಿ ಎನ್ವಿಡಿಯಾ ಸಾಲನ್ನು ಹುಡುಕಿ, ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅನ್ನುವ ಸಾಲೇ ಇರುವುದಿಲ್ಲ. ಎನ್ವಿಡಿಯಾ ಪ್ಯಾಕೇಜ್ ಬಂದ ಕೂಡಲೇ ಹಳೆಯ ನುವೋ (ಲಿನಕ್ಸಿನಲ್ಲಿ ಮೊದಲೇ ಇರುವ ಮುಕ್ತ) ಡ್ರೈವರನ್ನು ಕಪ್ಪುಪಟ್ಟಿಗೆ ಸೇರಿಸುತ್ತದೆ. ಹೊಸದು ಲೋಡ್ ಆಗಲಿಲ್ಲ, ಹಳೆಯದನ್ನು ಬಿಡುವುದಿಲ್ಲ, ಕಾರ್ಡ್ ಅನಾಥ. ಮಾನಿಟರಿನ ಉತ್ತರವೂ ಇಲ್ಲೇ ಇದೆ: ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರ ಎನ್ವಿಡಿಯಾ ಚಿಪ್ಪಿಗೇ ಜೋಡಣೆಯಾಗಿರುತ್ತದೆ.

ಈಗ ಕೀಲಿಯನ್ನು ಮತ್ತೆ ಕೊಡಿ:

ಸುಡೊ ಮೊಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಶಿಮ್-ಸೈನ್ಡ್/ಮೊಕ್/ಎಂಒಕೆ.ಡಿಇಆರ್

ಕೊನೆಯ ಫೈಲ್ ಹೆಸರಿನಲ್ಲಿ ಎಂಒಕೆ ಮಾತ್ರ ದೊಡ್ಡಕ್ಷರ, ಅದಕ್ಕೆ ಮುಂಚಿನ ಫೋಲ್ಡರಿನ ಮೊಕ್ ಸಣ್ಣಕ್ಷರ. ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. 8 ಅಂಕಿಗಳನ್ನಷ್ಟೇ ಇಡಿ. ನೀಲಿ ಪರದೆ ನಿಮ್ಮ ಕೀಬೋರ್ಡ್ ಲೇಔಟನ್ನು ನೋಡುವುದಿಲ್ಲ, ಅಮೆರಿಕನ್ ಲೇಔಟ್ ಎಂದೇ ತಿಳಿಯುತ್ತದೆ. ಚಿಹ್ನೆಗಳಿದ್ದರೆ ತಪ್ಪುವ ಸಂಭವ ಹೆಚ್ಚು. ಇದನ್ನು ಒಮ್ಮೆ ಮಾತ್ರ ಬಳಸುವುದು, ಲಾಗಿನ್ ಪಾಸ್‌ವರ್ಡಿಗೂ ಇದಕ್ಕೂ ಸಂಬಂಧವಿಲ್ಲ.

ರೀಸ್ಟಾರ್ಟ್ ಮಾಡಿ, ಪರದೆಯಿಂದ ಕಣ್ಣು ತೆಗೆಯಬೇಡಿ. 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತದಿದ್ದರೆ ಅದು ಮುಂದೆ ಹೋಗಿಬಿಡುತ್ತದೆ, ಮತ್ತೆ ಮೊದಲಿಂದ. ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್: ಈ ಕ್ರಮ. ಟೈಪ್ ಮಾಡುವಾಗ ಅಕ್ಷರ ಕಾಣದಿದ್ದರೆ ಗಾಬರಿಯಾಗಬೇಡಿ.

ಬೂಟ್_ಭಟ್ಟ:
ಮೇಲಿನದು ಸರಿ. ನನ್ನ ಮಟ್ಟಿಗೆ ಡಿಕೆಎಂಎಸ್ ಗೊಡವೆಯೇ ಇಲ್ಲದ ದಾರಿ ಇನ್ನೂ ನೆಮ್ಮದಿ. ಉಬುಂಟು ತಯಾರಕರಾದ ಕ್ಯಾನೊನಿಕಲ್‌ನವರೇ ಕಟ್ಟಿ ಸಹಿ ಹಾಕಿದ ಮಾಡ್ಯೂಲುಗಳು ಉಬುಂಟುವಿನಲ್ಲಿವೆ, ಅವಕ್ಕೆ ಎಂಒಕೆ ಬೇಕಿಲ್ಲ, ನೀಲಿ ಪರದೆಯೂ ಬರುವುದಿಲ್ಲ. 24.04 ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಎಚ್‌ಡಬ್ಲ್ಯುಇ (ಹೊಸ ಯಂತ್ರಾಂಶಕ್ಕೆಂದು ಬರುವ ಹೊಸ ಆವೃತ್ತಿಯ) ಕರ್ನಲ್ ಇರುತ್ತದೆ, ಆಗ ಪ್ಯಾಕೇಜಿನ ಹೆಸರು ಹೀಗೆ:

ಲಿನಕ್ಸ್-ಮಾಡ್ಯೂಲ್ಸ್-ಎನ್ವಿಡಿಯಾ-580-ಜೆನೆರಿಕ್-ಎಚ್‌ಡಬ್ಲ್ಯುಇ-24.04

ಡ್ರೈವರಿನ ಸಂಖ್ಯೆಯೂ ಮಾಡ್ಯೂಲಿನ ಸಂಖ್ಯೆಯೂ ಒಂದೇ ಇರಬೇಕು. ಅಡಿಷನಲ್ ಡ್ರೈವರ್ಸ್ ಪಟ್ಟಿಯಲ್ಲಿ ‘-ಸರ್ವರ್’ ಎಂದಿರುವವು ಡೇಟಾ ಸೆಂಟರಿನವು, ಆ ಕಡೆ ಹೋಗಬೇಡಿ. ‘-ಓಪನ್’ ಎಂದಿದ್ದರೆ ಟ್ಯೂರಿಂಗ್ ಪೀಳಿಗೆ ಮತ್ತು ಆಮೇಲಿನ ಕಾರ್ಡುಗಳಿಗೆ ಮಾತ್ರ. 1650 ಟ್ಯೂರಿಂಗೇ ಆದ್ದರಿಂದ ಎರಡೂ ನಡೆಯುತ್ತವೆ. ಜಿಟಿಎಕ್ಸ್ 1050ಕ್ಕೆ ಓಪನ್ ಹಾಕಿದರೆ ಕಾರ್ಡ್ ಏಳುವುದಿಲ್ಲ.

ಇನ್ನೊಂದು. ‘ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ವಿಂಡೋಸ್ ಭಾಗದಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಗೂಢಲಿಪಿ ಬೀಗ) ಇದ್ದರೆ ಮುಂದಿನ ಸಲ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿಲ್ಲದೆ ಆ ಸ್ವಿಚ್ ಮುಟ್ಟಬಾರದು.

ಹೊಸ_ಪೆಂಗ್ವಿನ್:
‘ಕೀ ವಾಸ್ ರಿಜೆಕ್ಟೆಡ್’ ಎಂದೇ ಬಂತು. ಕೀಲಿ ಎನ್‌ರೋಲ್ ಮಾಡಿದೆ. ಎನ್ವಿಡಿಯಾ-ಎಸ್ಎಂಐ ಈಗ ಟೇಬಲ್ ತೋರಿಸುತ್ತಿದೆ, ಮಾನಿಟರೂ ಬಂತು. ಆದರೆ ಸ್ಟೀಮ್ ಗೇಮ್ ಮೊದಲಿನಷ್ಟೇ ನಿಧಾನ, ಟೇಬಲ್‌ನಲ್ಲಿ ಆ ಗೇಮಿನ ಹೆಸರೇ ಇಲ್ಲ.

ಪ್ರೈಮ್_ಪುಟ್ಟಿ:
ಗೇಮ್ ಇಂಟೆಲ್ ಮೇಲೆ ಓಡುತ್ತಿದೆ. ‘ಪ್ರೈಮ್-ಸೆಲೆಕ್ಟ್ ಕ್ವೆರಿ’ ಹೊಡೆದು ನೋಡಿ, ಆನ್-ಡಿಮ್ಯಾಂಡ್ ಎಂದಿರುತ್ತದೆ. ಅದು ಸರಿಯಾದ ಸ್ಥಿತಿಯೇ, ಬ್ಯಾಟರಿ ಉಳಿಯುತ್ತದೆ. ಯಾವ ಪ್ರೋಗ್ರಾಂ ಎನ್ವಿಡಿಯಾ ಮೇಲೆ ಓಡಬೇಕೋ ಅದರ ಮುಂದೆ ಪ್ರೈಮ್-ರನ್ ಸೇರಿಸಬೇಕು. ಸ್ಟೀಮ್‌ನಲ್ಲಿ ಗೇಮಿನ ಪ್ರಾಪರ್ಟೀಸ್, ಲಾಂಚ್ ಆಪ್ಷನ್ಸ್‌ನಲ್ಲಿ:

ಪ್ರೈಮ್-ರನ್ %ಕಮಾಂಡ್%

ಎರಡೂ ಕಡೆ ಶೇಕಡಾ ಚಿಹ್ನೆ ಬೇಕು, ಮರೆತರೆ ಪ್ರೈಮ್-ರನ್ ಓಡುವುದೇ ಇಲ್ಲ. ಪರೀಕ್ಷೆಗೆ ಮೆಸಾ-ಯುಟಿಲ್ಸ್ ಹಾಕಿಕೊಂಡು ‘ಜಿಎಲ್‌ಎಕ್ಸ್‌ಇನ್ಫೋ -ಬಿ’ ಒಮ್ಮೆ ಬರಿದೇ, ಒಮ್ಮೆ ಪ್ರೈಮ್-ರನ್ ಸೇರಿಸಿ ಓಡಿಸಿ (ಬಿ ದೊಡ್ಡಕ್ಷರ). ಮೊದಲ ಸಲ ಇಂಟೆಲ್, ಎರಡನೆಯ ಸಲ ಎನ್ವಿಡಿಯಾ ಹೆಸರು ಬರಬೇಕು. ‘ಎಲ್‌ಎಲ್‌ವಿಎಂಪೈಪ್’ ಎಂದು ಬಂದರೆ ಯಾವ ಕಾರ್ಡೂ ದುಡಿಯುತ್ತಿಲ್ಲ, ಸಿಪಿಯು ಒಂದೇ ಚಿತ್ರ ಬಿಡಿಸುತ್ತಿದೆ ಎಂದರ್ಥ.

ಬ್ಲೆಂಡರಿಗೆ ಬೇರೆ ಲೆಕ್ಕ. ಸೈಕಲ್ಸ್ (ಬ್ಲೆಂಡರಿನ ರೆಂಡರ್ ಎಂಜಿನ್) ರೆಂಡರಿಗೆ ಪ್ರೈಮ್-ರನ್ ಬೇಕಿಲ್ಲ. ಪ್ರಿಫರೆನ್ಸಸ್, ಸಿಸ್ಟಮ್‌ನಲ್ಲಿ ಕುಡಾ ಅಥವಾ ಆಪ್ಟಿಎಕ್ಸ್ ಟಿಕ್ ಮಾಡಿದರೆ ಸಾಕು. ವ್ಯೂಪೋರ್ಟ್ ತಡವರಿಸಿದರೆ ಮಾತ್ರ ಪ್ರೈಮ್-ರನ್ ಇಂದ ತೆರೆಯಿರಿ. ಬ್ಯಾಟರಿ ಆಸೆಗೆ ‘ಪ್ರೈಮ್-ಸೆಲೆಕ್ಟ್ ಇಂಟೆಲ್’ ಕೊಟ್ಟರೆ ಕಾರ್ಡ್ ಪೂರ್ತಿ ಮಲಗುತ್ತದೆ. ಎನ್ವಿಡಿಯಾ-ಎಸ್ಎಂಐ ಹಳೆಯ ದೂರನ್ನೇ ಹೇಳುತ್ತದೆ, ಡ್ರೈವರ್ ಕೆಟ್ಟಿತು ಅಂದುಕೊಂಡು ಮತ್ತೆ ಹಾಕಲು ಹೋಗಬೇಡಿ.

ಹಳೇ_ಸಿಪಿಯು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಡೆಸ್ಕ್‌ಟಾಪಿಗೆ ಜಿಟಿ 710 ಹಾಕಿದ್ದೇನೆ. 580 ಹಾಕಿದರೆ ನಡೆದೀತೇ?

ಕರ್ನಲ್_ಕಟ್ಟೆ:
ಇಲ್ಲ. 710 ಕೆಪ್ಲರ್ ಪೀಳಿಗೆಯದ್ದು, ಅದಕ್ಕೆ 470 ಸರಣಿಯೇ ಕೊನೆ. ಆಮೇಲಿನ ಮಾಕ್ಸ್‌ವೆಲ್, ಪಾಸ್ಕಲ್ ಪೀಳಿಗೆಗಳಿಗೆ 580 ಕೊನೆ. ಊಹೆ ಮಾಡುವ ಬದಲು ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಹೊಡೆಯಿರಿ, ನಿಮ್ಮ ಕಾರ್ಡಿಗೆ ಹೊಂದುವವನ್ನಷ್ಟೇ ತೋರಿಸುತ್ತದೆ. ಬರೀ ಬ್ರೌಸರ್, ಆಫೀಸ್ ಕೆಲಸಕ್ಕಾದರೆ ನುವೋದಲ್ಲೇ ಬಿಡಿ. ಹಾಗೆಯೇ ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಪೋರ್ಟಿಗಲ್ಲ, ಕಾರ್ಡಿನ ಪೋರ್ಟಿಗೇ ಇದೆಯೇ ನೋಡಿ. ನಗಬೇಡಿ, ಡೆಸ್ಕ್‌ಟಾಪ್ ದೂರುಗಳಲ್ಲಿ ಇದು ಆಗಾಗ ಸಿಗುತ್ತದೆ.

ಹೊಸ_ಪೆಂಗ್ವಿನ್:
ಪ್ರೈಮ್-ರನ್ ಹಾಕಿದ ಮೇಲೆ ಗೇಮ್ ಸರಿಯಾಯಿತು. ಕರ್ನಲ್ ಅಪ್‌ಡೇಟ್ ಬಂದಾಗಲೆಲ್ಲ ಕೀಲಿ ಮತ್ತೆ ಕೊಡಬೇಕೇ?

ಬೂಟ್_ಭಟ್ಟ:
ಬೇಡ. ಹೊಸ ಮಾಡ್ಯೂಲಿಗೂ ಡಿಕೆಎಂಎಸ್ ಅದೇ ಕೀಲಿಯಿಂದ ಸಹಿ ಹಾಕುತ್ತದೆ. ಹೊಸ ಕರ್ನಲಿನ ಹೆಡರ್ಸ್ ಪ್ಯಾಕೇಜ್ ಬಾರದಿದ್ದರೆ ಮಾತ್ರ ಮಾಡ್ಯೂಲ್ ಕಟ್ಟಲು ಆಗುವುದಿಲ್ಲ. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟಾಗ ಈಗಿನ ಕರ್ನಲ್ ಸಂಖ್ಯೆಯ ಎದುರು ‘ಇನ್‌ಸ್ಟಾಲ್ಡ್’ ಎಂದಿರಬೇಕು. ಪರದೆ ಕಪ್ಪಾಗಿ ನಿಂತರೆ ಗ್ರಬ್‌ನ (ಬೂಟ್ ಆಗುವಾಗ ಬರುವ ಆಯ್ಕೆಪಟ್ಟಿ) ‘ಅಡ್ವಾನ್ಸ್ಡ್ ಆಪ್ಷನ್ಸ್’ನಿಂದ ಹಿಂದಿನ ಕರ್ನಲ್ ಆರಿಸಿ ಒಳಗೆ ಬನ್ನಿ. ಅದೂ ಆಗದಿದ್ದರೆ ಗ್ರಬ್‌ನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿ. ಅದು ಆ ಒಂದು ಬೂಟಿಗೆ ಮಾತ್ರ. ಅದನ್ನೇ ಖಾಯಂ ಮಾಡಿಕೊಂಡರೆ ಎನ್ವಿಡಿಯಾ ಇರಲಿ, ಇಂಟೆಲ್ ವೇಗವೂ ಹೋಗುತ್ತದೆ.